ನೀರಿನ ಕುರ್ಚಿ

ಗೌರಿ ಹಬ್ಬ, 1998. ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ, ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿದ್ದ ನಮ್ಮ ಅಕ್ಕನ ಮನೆ. ಹಾಜರಿದ್ದವರು ಅಕ್ಕ, ಭಾವ, ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯ ಹುಡುಗಿ ಮತ್ತು ನಾನು.

ಏನೇ ಬರೆಯಲು ಕೂತರೂ ನನ್ನ ಕೈ ಹೀಗೇ ಶುರುಮಾಡುತ್ತದೆ. ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಡ್ಯೂಟಿ ಬದಲಾಗುವಾಗ ಮೊದಲು ದಿನ, ಗಂಟೆ, ಯಾರು ಯಾರಿದ್ದರು ಎಂಬುದನ್ನು ಹೇಳಬೇಕು, ಉಳಿದದ್ದೆಲ್ಲ ಆಮೇಲೆ. ಕತ್ರಿಗುಪ್ಪೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದೆ. ಬಂದವಳೇ ಸೆರಗು ಸಿಕ್ಕಿಸಿ, ಬಾಗಿನದ ಮೊರಗಳನ್ನು ಒರೆಸಲು ಕೂತೆ.

ಆ ದಿನ ಅಕ್ಕ ಮಹಡಿಯಿಂದ ಇಳಿಯಬೇಕಿತ್ತು. ಇಳಿದು, ಎದುರು ಮನೆಗಳಿಗೆ ಹೋಗಿ ಬಾಗಿನ ಕೊಟ್ಟು, ಮತ್ತೆ ಹತ್ತಬೇಕಿತ್ತು. ಹಿಂದಿನ ದೀಪಾವಳಿಯಲ್ಲಿ ಬಚ್ಚಲಲ್ಲಿ ಜಾರಿ ಅವಳ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ವಾಕರ್ ಹಿಡಿದು ಸಮತಟ್ಟಾದ ಕಡೆ ಓಡಾಡುವಳು, ಮೆಟ್ಟಿಲು ಮಾತ್ರ ಆಗದು. ಅವರ ವಾಸ ಮೊದಲನೆಯ ಮಹಡಿಯಲ್ಲಿ. ಕೆಳಗೆ ಅರ್ಧ ಭಾಗ ಬಾಡಿಗೆ, ಇನ್ನರ್ಧ ಭಾವನ ಶೆಡ್ಡು. ಕೆಳಗಿನ ಮನೆ ಖಾಲಿ ಮಾಡಿಸೋಣವೆಂದು ನಾನು ಹೇಳಿದ್ದೆ. ಆ ಹುಡುಗಿಗೆ ಆಗಷ್ಟೇ ಹೆರಿಗೆಯಾಗಿತ್ತು. "ಹಸಿ ಬಾಣಂತೀನ ಬೀದಿಗೆ ಕಳ್ಸಿ ನಾನು ಕೆಳಗೆ ಇಳೀಬೇಕಾ? ಬೇಡ ಬಿಡು" ಎಂದುಬಿಟ್ಟಳು ಅಕ್ಕ.

ಹೀಗಾಗಿ ದೀಪಾವಳಿಯಿಂದ ಅವಳಿಗೆ ಕಿಟಕಿಯೇ ಬೀದಿ. ತರಕಾರಿ ಗಾಡಿಯವನ ಜತೆ ಅಲ್ಲಿಂದಲೇ ಚೌಕಾಸಿ, ಎದುರು ಮನೆಯವರ ಜತೆ ಅಲ್ಲಿಂದಲೇ ಮಾತು. ಮೈಸೂರಿನಲ್ಲಿದ್ದ ಮಗಳು ಬಂದು ಜೆ.ಪಿ. ನಗರದಲ್ಲಿ ಲಿಫ್ಟ್ ಇರುವ ಒಂದು ಫ್ಲಾಟ್ ನೋಡಿಟ್ಟು ಹೋಗಿದ್ದಳು. ಅಲ್ಲಿಗೆ ಹೋದರೆ ಅಕ್ಕನಿಗೆ ರಸ್ತೆ ಸಿಗುತ್ತಿತ್ತು, ಭಾವನ ಶೆಡ್ಡು ಹೋಗುತ್ತಿತ್ತು. ಅವರ ಜೀವವೆಲ್ಲ ಆ ಶೆಡ್ಡಿನಲ್ಲಿತ್ತು. ಕೊನೆಗೆ ಭಾವ ಮಾತು ಕೊಟ್ಟರು: ಗೌರಿ ಹಬ್ಬದ ದಿನ ಅಕ್ಕನನ್ನು ಇಳಿಸಿ ಹತ್ತಿಸದೇ ಹೋದರೆ ಮಾರನೆಯ ದಿನವೇ ಫ್ಲಾಟಿಗೆ ಒಪ್ಪಿಗೆ.

"ಊರಲ್ಲಿರೋರ್ನೆಲ್ಲ ಹತ್ತಿಸಿ ಇಳಿಸಿದ ಮನುಷ್ಯ ಇವ್ರು. ಕಟ್ಕೊಂಡವಳಿಗೆ ಒಂದೇ ಒಂದು ಮಹಡಿ ದಾಟ್ಸೋಕಾಗ್ಲಿಲ್ಲ" ಎಂದು ಅಕ್ಕ ಹಂಗಿಸುತ್ತಿದ್ದಳು.

ಆ ಮೂದಲಿಕೆಯಲ್ಲಿ ಸುಳ್ಳಿರಲಿಲ್ಲ. ಭಾವ ಲಿಫ್ಟಿನ ಎಂಜಿನಿಯರು. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಇಲ್ಲಿನ ಕಾರ್ಖಾನೆಗಳಲ್ಲಿ ಲಿಫ್ಟಿನ ಪೆಟ್ಟಿಗೆ ಮಾಡುತ್ತಿದ್ದರೇ ಹೊರತು ಅದರ ಜೀವಾಳವೆಲ್ಲ ಹಡಗಿನಲ್ಲಿ ಬರುತ್ತಿತ್ತು. ಹಗ್ಗ ಸಡಿಲವಾದ ಕ್ಷಣ ಪೆಟ್ಟಿಗೆಯನ್ನು ಕಚ್ಚಿ ಹಿಡಿಯುವ ಬ್ರೇಕನ್ನು ಅವರ ಕಾರ್ಖಾನೆಯಲ್ಲಿ ಮೊದಲು ಮಾಡಿದವರು ಭಾವ. ಪರೀಕ್ಷೆಯ ದಿನ ಪೆಟ್ಟಿಗೆಯೊಳಗೆ ಮರಳಿನ ಮೂಟೆ ಇಡಲು ಹೋದವರನ್ನು ತಡೆದು ತಾವೇ ಹೋಗಿ ಕೂತರಂತೆ. ಅಕ್ಕ ಆಗ ಬಸುರಿ. ವಿಷಯ ತಿಳಿದು ಎಷ್ಟೋ ದಿನ ಅವರಿಗೆ ಮಾತಿಲ್ಲದೆ ಊಟ ಬಡಿಸಿದ್ದಳು.

"ಮೊದ್ಲು ನಾನು ಕೂತು ನೋಡ್ಬೇಕು. ಆಮೇಲೆ ಇನ್ನೊಬ್ರು" ಎನ್ನುವುದು ಅವರು ಬಿಡದೆ ಪಾಲಿಸಿದ ನಿಯಮ.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಆಸ್ಪತ್ರೆಯ ಹಳೆಯ ಲಿಫ್ಟು ಯಾವತ್ತೂ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲುತ್ತಿರಲಿಲ್ಲ. ಆಪರೇಷನ್ ಆದವರನ್ನು ತಳ್ಳಿಕೊಂಡು ಹೊರಗೆ ಬರುವಾಗ ಸ್ಟ್ರೆಚರಿನ ಚಕ್ರ ದಡ್ ಎಂದು ಬಡಿದು ರೋಗಿಗಳು ಕಿರುಚುತ್ತಿದ್ದರು. ಒಂದು ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಈ ಸಂಕಟ ಹೇಳಿಕೊಂಡೆ. ಭಾವ ಮಜ್ಜಿಗೆ ಕುಡಿದು ಎದ್ದರು. ಭಾನುವಾರ ನನ್ನ ವಾರ್ಡಿಗೆ ಬಂದು, ಖಾಲಿ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿ, "ತಳ್ಳು" ಎಂದರು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಆ ಬೆಳಿಗ್ಗೆಯೆಲ್ಲ ಅವರನ್ನು ತಳ್ಳಿದೆ. ದಡ್ ಎಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಪೆಟ್ಟು ಬೆನ್ನಿನ ಯಾವ ಭಾಗಕ್ಕೆ ಬಿತ್ತೆಂದು ಗಟ್ಟಿಯಾಗಿ ಹೇಳುತ್ತಿದ್ದರು.

ವಾರ್ಡ್ ಬಾಯ್ ಒಬ್ಬ ಮರುಕದಿಂದ ಕೇಳಿದ: "ಸಾರ್, ಏನ್ ಆಪರೇಷನ್ ಆಯ್ತು ನಿಮ್ಗೆ?"

"ನನಗಲ್ಲಪ್ಪಾ, ಲಿಫ್ಟಿಗೆ ಆಗ್ಬೇಕು."

ಆಯಿತು ಕೂಡ. ನೆಲ ಎಲ್ಲಿದೆಯೆಂದು ತಾನೇ ಹುಡುಕಿಕೊಂಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ನಿಲ್ಲುವ ಒಂದು ಸಾಧನವನ್ನು ಅದಕ್ಕೆ ಕಟ್ಟಿದರು. ಮುಂದೆ ಅವರ ಕಾರ್ಖಾನೆಯ ಆಸ್ಪತ್ರೆ ಲಿಫ್ಟುಗಳಿಗೆಲ್ಲ ಅದೇ ಹೋಯಿತು. ಅದು ಬಂದ ದಿನ ರೋಗಿಯೊಬ್ಬಳು ನಿದ್ದೆಯಲ್ಲೇ ವಾರ್ಡು ಸೇರಿದಳು, ದಾರಿಯಲ್ಲಿ ಎಚ್ಚರವೇ ಆಗಲಿಲ್ಲ. ನನಗೆ ಬೇರೆ ಸರ್ಟಿಫಿಕೇಟು ಬೇಕಿರಲಿಲ್ಲ.

ಇಂಥವರಿಗೆ ಮನೆಯಲ್ಲಿ ಒಂದು ಲಿಫ್ಟು ಮಾಡುವುದು ಏನು ಕಷ್ಟ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕಷ್ಟ ಕರೆಂಟಿನದು. ಆ ವರ್ಷಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಯಾರಿಗೂ ಗೊತ್ತಿರುತ್ತಿರಲಿಲ್ಲ. "ಇವಳು ಅರ್ಧದಲ್ಲಿ ನೇತಾಡ್ತಾ ಕೂತ್ರೆ ನನ್ನ ಗತಿ ಏನು? ಕರೆಂಟು ಬರೋವರ್ಗೂ ಬೈಸ್ಕೊಂಡಿರ್ಬೇಕು" ಎಂದರು ಭಾವ. ಅದಕ್ಕೇ ಕರೆಂಟೇ ಬೇಡವೆಂದು ತೀರ್ಮಾನಿಸಿ ನೀರಿನ ಕುರ್ಚಿ ಮಾಡಿದರು.

ಮನೆಯ ಪಕ್ಕದ ಗೋಡೆಗೆ ಒತ್ತಿ, ಮಹಡಿಯ ವರಾಂಡದಿಂದ ಅಂಗಳದವರೆಗೆ ಕಬ್ಬಿಣದ ಪೈಪುಗಳನ್ನು ನಿಲ್ಲಿಸಿದರು. ಒಂದು ಜೊತೆ ಪೈಪಿನ ನಡುವೆ ಕೈಯಿರುವ ಕುರ್ಚಿ, ಪಕ್ಕದ ಜೊತೆಯ ನಡುವೆ ಒಂದು ದೊಡ್ಡ ಡ್ರಮ್ಮು. ಮೇಲೆ ರಾಟೆ. ರಾಟೆಯ ಮೇಲೆ ಹಾಯ್ದ ಉಕ್ಕಿನ ಹಗ್ಗದ ಒಂದು ತುದಿಯಲ್ಲಿ ಕುರ್ಚಿ, ಇನ್ನೊಂದು ತುದಿಯಲ್ಲಿ ಡ್ರಮ್ಮು. ಅಕ್ಕ ಕೂತರೆ ಅವಳ ಭಾರಕ್ಕೆ ಕುರ್ಚಿ ಇಳಿಯುತ್ತದೆ, ಖಾಲಿ ಡ್ರಮ್ಮು ಏರುತ್ತದೆ. ಹತ್ತಬೇಕಾದಾಗ ತಾರಸಿಯ ಟ್ಯಾಂಕಿನ ನಲ್ಲಿ ತಿರುಗಿಸಿ ಡ್ರಮ್ಮು ತುಂಬಬೇಕು. ಡ್ರಮ್ಮು ಭಾರವಾಗಿ ಇಳಿದಂತೆ ಕುರ್ಚಿ ಏರುತ್ತದೆ. ನೆಲ ಮುಟ್ಟಿದಾಗ ಡ್ರಮ್ಮಿನ ತಳದ ಬಿರಡೆ ತಾನಾಗಿ ತೆರೆದುಕೊಂಡು ನೀರೆಲ್ಲ ನೆಲದಡಿಯ ಸಂಪಿಗೆ ಹೋಗುತ್ತದೆ. ಕರೆಂಟು ಇದ್ದಾಗ ಪಂಪು ಹಾಕಿ ಅದನ್ನು ಮತ್ತೆ ಟ್ಯಾಂಕಿಗೆ ಏರಿಸಿಕೊಂಡರಾಯಿತು. ವೇಗ ಹಿಡಿತದಲ್ಲಿಡಲು ಒಂದು ಬ್ರೇಕಿನ ಹಗ್ಗ. ಅದನ್ನು ಹಿಡಿಯುವ ಕೆಲಸ ನನ್ನದು.

ಆ ಕುರ್ಚಿ ಏಳೆಂಟು ವರ್ಷ ಓಡಿತು. ಅಂಚೆಯವನು, ಹಾಲಿನವನು ಎಲ್ಲರೂ ನಿಂತು ನೋಡಿ ಹೋಗುತ್ತಿದ್ದರು. ಈಗ ಅಕ್ಕನೂ ಇಲ್ಲ, ಭಾವನೂ ಇಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ಬಂದಿದೆ. ಸಾರಕ್ಕಿ ಕಡೆಗೆ ಹೋಗುವಾಗ ಒಂದೊಂದು ಸಲ ಆ ರಸ್ತೆಗೆ ತಿರುಗುತ್ತೇನೆ. ಗೋಡೆಯಲ್ಲಿ ಪೈಪಿನ ಗುರುತು ಹುಡುಕುತ್ತದೆ ಕಣ್ಣು, ಆ ಗೋಡೆಯೇ ಇಲ್ಲವೆಂದು ಗೊತ್ತಿದ್ದರೂ.

ಹಬ್ಬಕ್ಕೆ ಒಂದು ವಾರ ಮುಂಚೆ ಪರೀಕ್ಷೆ ನಡೆಯಿತು. ಮೊದಲು ಭಾವ ಕೂತರು. ಆಮೇಲೆ ನನ್ನನ್ನು ಕೂರಿಸಿದರು. ಎರಡೂ ಸಲ ಸರಿಹೋಯಿತು. ಅಕ್ಕ ಕಿಟಕಿಯಿಂದಲೇ ನೋಡಿ, "ಹೂಂ, ನಾನು ಹಬ್ಬದ ದಿನವೇ ಕೂರೋದು" ಎಂದಳು. ಹಬ್ಬದ ಹಿಂದಿನ ದಿನ ಭಾವ ಬ್ರೇಕಿಗೆ ಹೊಸ ಚರ್ಮ ಹಾಕಿಸಲು ಸಾರಕ್ಕಿಯ ವರ್ಕ್‌ಶಾಪಿಗೆ ಹೋಗಿದ್ದರು. ಬಂದು ಅದನ್ನು ಕೂರಿಸಿ, ಎಣ್ಣೆ ಬಿಟ್ಟು, ನಿಶ್ಚಿಂತೆಯಿಂದ ಮಲಗಿದ್ದರು.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಯಿತು. ಗೌರಮ್ಮನಿಗೆ ಮಂಗಳಾರತಿ ಎತ್ತುವಾಗ ಅಕ್ಕನ ಕಣ್ಣು ವರಾಂಡದ ಕಡೆಗೇ ಇತ್ತು. ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಮುಡಿಯಲ್ಲಿ ಮಲ್ಲಿಗೆ. ಭಾವ ಕುರ್ಚಿಯ ಕೈಗಳನ್ನು ಎರಡು ಸಲ ಒರೆಸಿದರು.

"ಹೆದರ್ಕೋಬೇಡ. ನಿಧಾನವಾಗಿ ಬಿಡ್ತಾಳೆ ಮೇಟ್ರನ್ನು" ಎಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

"ನಾನ್ಯಾಕೆ ಹೆದರ್ಲಿ? ನಿಮ್ ಮುಖ ನೋಡ್ಕೊಳ್ಳಿ ಕನ್ನಡೀಲಿ."

ನಾನು ಕೆಳಗಿಳಿದು ಹಗ್ಗ ಹಿಡಿದೆ. ಭಾವ ಕೊಂಡಿ ಬಿಚ್ಚಿದರು. ಕುರ್ಚಿ ಒಮ್ಮೆ ನಡುಗಿ, ಆಮೇಲೆ ಕೊಳದಲ್ಲಿ ಹೂವು ತೇಲುವ ಹಾಗೆ ಇಳಿಯತೊಡಗಿತು. ಪಕ್ಕದಲ್ಲಿ ಖಾಲಿ ಡ್ರಮ್ಮು ಸದ್ದಿಲ್ಲದೆ ಮೇಲೇರಿತು. ನೆಲ ಮುಟ್ಟಿದ್ದು ನನ್ನ ಕೈಗೇ ಗೊತ್ತಾಗಲಿಲ್ಲ, ಅಷ್ಟು ನಯ.

ಅಕ್ಕ ಎದ್ದು ವಾಕರ್ ಹಿಡಿದು ನಿಂತಳು. ಮೊದಲು ಹೋದದ್ದು ಗೇಟಿನ ಪಕ್ಕದ ದಾಸವಾಳದ ಗಿಡದ ಹತ್ತಿರ. "ಯಾರೇ ಇದನ್ನ ಹಿಂಗೆ ಸವರಿದ್ದು?" ಎಂದು ಗದರಿದಳು. ಕೆಳಗಿನ ಮನೆಯ ಹುಡುಗಿ ಹಲ್ಲು ಕಿರಿದಳು. ಆಮೇಲೆ ಅಕ್ಕ ಗೇಟು ದಾಟಿದಳು. ನಾನು ಮೊರಗಳನ್ನು ಹೊತ್ತು ಹಿಂದೆ ನಡೆದೆ.

ಎದುರು ಮನೆಯಾಕೆ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. "ಅಯ್ಯೋ, ಏನ್ರೀ ಇದು! ಹೆಂಗ್ ಇಳಿದ್ರಿ?"

"ನಮ್ಮನೆಯವ್ರ ಕೈಲಿ ಇಷ್ಟಾದ್ರೂ ಆಗ್ದಿದ್ರೆ ಹೆಂಗ್ರೀ" ಎಂದಳು ಅಕ್ಕ. ಹತ್ತು ತಿಂಗಳು ಅವರನ್ನು ಹಂಗಿಸಿದ್ದ ಅದೇ ಬಾಯಿಂದ ಬಂದ ಮಾತು. ನಾನು ಮುಖ ಆಚೆ ತಿರುಗಿಸಿಕೊಂಡು ನಕ್ಕೆ.

ಮೂರ್ನಾಲ್ಕು ಮನೆಗೆ ಹೋದಳು. ಎಲ್ಲ ಕಡೆಯೂ ಕೂರಿಸಿದರು, ಕುಂಕುಮ ಕೊಟ್ಟರು, ಹಳೆಯ ಮಾತುಗಳೆಲ್ಲ ಬಂದವು. ಎಲ್ಲ ಮನೆಯಲ್ಲೂ ಒಂದೇ ದೂರು: ಹಬ್ಬದ ದಿನವೇ ಕಾವೇರಿ ನೀರು ಬಿಟ್ಟಿಲ್ಲ. ಅಕ್ಕ ಅದಕ್ಕೆ ಎಲ್ಲೂ ದನಿ ಸೇರಿಸಲಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು, ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದೆವು. ಅಕ್ಕನ ಕಾಲು ಸೋತಿತ್ತು. ಕುರ್ಚಿಯಲ್ಲಿ ಕೂತಳು. ಮೇಲೆ ವರಾಂಡದಲ್ಲಿ ಭಾವ ನಲ್ಲಿ ತಿರುಗಿಸಿದರು. ಪೈಪಿನಿಂದ ಬುಸ್ ಎಂದು ಗಾಳಿ ಬಂತು, ಒಂದು ಚೊಂಬಿನಷ್ಟು ನೀರು ಬಿತ್ತು, ನಿಂತಿತು.

"ಏನಾಯ್ತು? ನೆನ್ನೆ ಬೆಳಿಗ್ಗೆ ಟ್ಯಾಂಕು ತುಂಬಿತ್ತಲ್ಲ!"

ಅಕ್ಕ ಸೆರಗು ಸರಿಮಾಡಿಕೊಂಡಳು. "ತೊಳೆಸ್ದೆ" ಎಂದಳು.

"ಏನು ತೊಳೆಸ್ದೆ?"

"ಟ್ಯಾಂಕು. ಸಂಪೂನೂ. ಹಬ್ಬಕ್ಕೆ ಮುಂಚೆ ತೊಳೆಸಲ್ವಾ? ಪ್ರತಿ ವರ್ಷ ತೊಳೆಸಲ್ವಾ?"

ಕೆಳಗಿನ ಮನೆಯ ಹುಡುಗಿ ನಡುವೆ ಬಾಯಿ ಹಾಕಿದಳು: "ನಾನs ಮಂದಿ ಕರಸಿ ತೊಳಸೀನ್ರೀ ಅಜ್ಜಾರ. ನೀವು ಸಾರಕ್ಕಿಗೆ ಹೋಗಿದ್ರಲ್ಲಾ, ಆವಾಗ. ಮುಂಜಾನೆ ನೀರ ಬರ್ತೈತಿ ಅಂದ್ರು ಅಜ್ಜೀ. ಬರಲಿಲ್ಲ ನೋಡ್ರಿ."

"ಸ್ನಾನಕ್ಕೆ, ಅಡಿಗೆಗೆ ಹಂಡೆ ತುಂಬಿಸಿಟ್ಟಿದ್ದೆ. ಅಷ್ಟು ಜ್ಞಾನ ಇದೆ ನಂಗೆ" ಎಂದಳು ಅಕ್ಕ.

ಭಾವ ವರಾಂಡದ ಕಟ್ಟೆ ಹಿಡಿದು ಬಗ್ಗಿ ನೋಡಿದರು. "ನಿನ್ನ ಲಿಫ್ಟಿನ ಪೆಟ್ರೋಲು ಕಣೇ ಅದು! ಎಲ್ಲಾ ಚರಂಡಿಗೆ ಬಿಟ್ಟೆಯಾ?"

"ಪಾಚಿ ಕಟ್ಟಿದ ನೀರಲ್ಲಿ ಗೌರಮ್ಮನ ಪೂಜೆ ಮಾಡೋಕಾಗುತ್ತಾ? ಅಷ್ಟೆಲ್ಲ ಲೆಕ್ಕ ಹಾಕ್ದೋರು ಇದೊಂದನ್ನ ಹಾಕ್ಬೇಕಿತ್ತು."

ಭಾವ ನಲ್ಲಿ ಮುಚ್ಚಿದರು. ಮದುವೆಯಾದ ವರ್ಷದಿಂದ ಪ್ರತಿ ಹಬ್ಬಕ್ಕೂ ಅಕ್ಕ ನೀರಿನ ತೊಟ್ಟಿ ತೊಳೆಸುವುದನ್ನು ಅವರು ನೋಡಿದ್ದರು. ಕರೆಂಟು ಹೋಗುವುದನ್ನು ಯೋಚಿಸಿದ್ದರು, ಹಗ್ಗ ಹರಿಯುವುದನ್ನು ಯೋಚಿಸಿದ್ದರು. ಹೆಂಡತಿ ಹಬ್ಬ ಮಾಡುತ್ತಾಳೆ ಎಂಬುದು ಮಾತ್ರ ಅವರ ನಕ್ಷೆಯಲ್ಲಿರಲಿಲ್ಲ.

ಬೀದಿಯಲ್ಲಿ ಯಾರ ಮನೆಯಲ್ಲೂ ಕೊಡುವಷ್ಟು ನೀರಿಲ್ಲ. ಹಬ್ಬದ ದಿನ ಟ್ಯಾಂಕರಿನವನು ಬರುವುದಿಲ್ಲ. ನಾನು ಆಸ್ಪತ್ರೆಯ ರೀತಿಯಲ್ಲಿ ಯೋಚಿಸಿ, ನಾಲ್ಕು ಜನ ಗಂಡಸರನ್ನು ಕರೆದು ಕುರ್ಚಿಯ ಸಮೇತ ಮೆಟ್ಟಿಲ ಮೇಲೆ ಎತ್ತಿಸೋಣ ಎಂದೆ.

"ನಾಲ್ಕು ಜನ ಎತ್ಕೊಂಡ್ ಹೋಗೋದು ಒಂದೇ ಸಲ ಕಣೇ" ಎಂದಳು ಅಕ್ಕ. "ಅದಕ್ಕಿನ್ನೂ ಟೈಮಿದೆ."

ನಗಬೇಕೆನಿಸಿದರೂ ಯಾರೂ ನಗಲಿಲ್ಲ. ಕೊಟ್ಟ ಮಾತು ಎಲ್ಲರಿಗೂ ನೆನಪಿತ್ತು. ಇಳಿಸಿದ್ದಾಗಿತ್ತು, ಹತ್ತಿಸುವುದು ಬಾಕಿ. ಬಿಸಿಲಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಅಕ್ಕ ಹಣೆ ಒರೆಸಿಕೊಂಡು, "ಹೋಗ್ಲಿ ಬಿಡಿ. ಆ ಫ್ಲಾಟೂ ಚೆನ್ನಾಗೇ ಇದೆ" ಎಂದಳು, ಮೆತ್ತಗೆ. ಹಂಗಿಸುವ ದನಿಯಾಗಿದ್ದರೆ ಭಾವ ಸಹಿಸುತ್ತಿದ್ದರು. ಇದು ಸಮಾಧಾನದ ದನಿ. ಅವರ ಮುಖ ಕುಗ್ಗಿತು.

ಅವರು ಎದುರಿಗಿದ್ದ ಖಾಲಿ ಡ್ರಮ್ಮನ್ನು ನೋಡಿದರು. ಆಮೇಲೆ ತಮ್ಮ ಕಾಲುಗಳನ್ನು ನೋಡಿಕೊಂಡರು.

"ಏತ" ಎಂದರು.

ತುಮಕೂರು ಕಡೆಯ ಹಳ್ಳಿಯಲ್ಲಿ ಅವರು ಹುಡುಗರಾಗಿದ್ದಾಗ ಬಾವಿಯಿಂದ ಏತದಲ್ಲಿ ನೀರೆತ್ತುತ್ತಿದ್ದ ಕತೆಯನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೆವು. ಉದ್ದನೆಯ ಮರದ ಮೇಲೆ ಮನುಷ್ಯ ಆಚೆಗೆ ನಡೆದರೆ ಬಾವಿಯಲ್ಲಿ ನೀರಿನ ಬಾನಿ ಮೇಲೇಳುತ್ತದೆ, ಈಚೆಗೆ ನಡೆದರೆ ಇಳಿಯುತ್ತದೆ. ಮನುಷ್ಯನೇ ತೂಕ. ಲಿಫ್ಟಿನ ಪಾಠ ತಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಮರದ ಮೇಲೆ ಎನ್ನುತ್ತಿದ್ದರು.

ನನಗೆ ಅರ್ಥವಾಗುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ ವರಾಂಡದ ಅಂಚಿನಿಂದ ಡ್ರಮ್ಮಿನೊಳಗೆ ಕಾಲಿಟ್ಟಿದ್ದರು. ಎದೆಯ ಮೇಲಿನ ಭಾಗ ಮಾತ್ರ ಹೊರಗೆ ಕಾಣುತ್ತಿತ್ತು.

"ರೀ, ಬೇಡಿ! ಈ ವಯಸ್ಸಲ್ಲಿ ಏನ್ರೀ ಇದು?" ಅಕ್ಕ ಕುರ್ಚಿಯಿಂದ ಏಳಲು ಹೋದಳು.

"ಕೂತ್ಕೋ. ಡ್ರಮ್ಮಲ್ಲಿ ನಾನಿನ್ನೂ ಕೂತು ನೋಡಿರ್ಲಿಲ್ಲ. ಅದೊಂದು ಬಾಕಿ ಇತ್ತು. ಮೇಟ್ರನ್, ಹಗ್ಗ ಹಿಡಿ."

ಹಿಡಿದೆ, ಸಡಿಲ ಬಿಟ್ಟೆ. ಏನೂ ಅಲುಗಲಿಲ್ಲ. ಕುರ್ಚಿ ನೆಲಕ್ಕೆ ಅಂಟಿಕೊಂಡಿತ್ತು, ಭಾವ ಆಕಾಶದಲ್ಲಿ ನಿಂತಿದ್ದರು.

ಹುಡುಗಿಗೆ ನಗು ತಡೆಯಲಾಗಲಿಲ್ಲ. "ಅಜ್ಜಾರ, ಒಂಚೂರು ಉಂಡು ಬರ್ರಿ!"

"ನಲವತ್ತು ವರ್ಷದಿಂದ ಉಣ್ಣಿಸ್ತಾ ಇದೀನಿ. ಎಲ್ಲಿ ಹೋಯ್ತೋ ಏನೋ" ಎಂದಳು ಅಕ್ಕ.

"ತೂಕ ಎಷ್ಟು, ತೂಕ ಎಷ್ಟು ಅಂತ ಬಡ್ಕೊಂಡೆ. ಹೇಳಿದ್ಯಾ ನೀನು?"

"ಹೆಂಗಸರ ತೂಕ ಕೇಳ್ತಾರಾ ಯಾರಾದ್ರೂ?"

ಭಾವ ಡ್ರಮ್ಮಿನೊಳಗಿಂದಲೇ ಹುಡುಗಿಗೆ ಕೂಗಿದರು: "ಏನಮ್ಮಾ, ಮೇಲೆ ಬಾ. ಅಡಿಗೆಮನೇಲಿ ರುಬ್ಬುಗುಂಡಿದೆ, ಎತ್ಕೊಂಬಾ."

ಅವಳು ಮೆಟ್ಟಿಲೇರಿ ಓಡಿದಳು. ಹೊಟ್ಟೆಗೆ ಒತ್ತಿಕೊಂಡು ಏದುಸಿರು ಬಿಡುತ್ತ ರುಬ್ಬುಗುಂಡು ತಂದು ಕೊಟ್ಟಳು. ಭಾವ ಅದನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡರು. ಉಕ್ಕಿನ ಹಗ್ಗ ಕಿರ್ ಎಂದಿತು. ಕುರ್ಚಿಯ ಕಾಲು ನೆಲ ಬಿಟ್ಟಿತು.

ಅಷ್ಟು ವರ್ಷ ಎಷ್ಟೋ ಜನರನ್ನು ಹುಷಾರಾಗಿ ಹಿಡಿದ ಕೈ ಇದು, ಇವತ್ತು ತಪ್ಪಬಾರದು ಎಂದುಕೊಂಡು ಒಂದೊಂದು ಗೇಣು ಹಗ್ಗ ಬಿಟ್ಟೆ. ಅಕ್ಕ ಏರುತ್ತಿದ್ದಳು, ಭಾವ ಇಳಿಯುತ್ತಿದ್ದರು. ಅರ್ಧ ದಾರಿಯಲ್ಲಿ ಇಬ್ಬರೂ ಸರಿಸಮ ಬಂದರು, ಕೈ ಚಾಚಿದರೆ ಎಟಕುವಷ್ಟು ಹತ್ತಿರ.

"ನಿಲ್ಸೇ" ಎಂದಳು ಅಕ್ಕ.

ಬ್ರೇಕು ಬಿಗಿದೆ. ಎರಡೂ ನಿಂತವು.

ಅಕ್ಕ ಸೆರಗಿನ ತುದಿಯಿಂದ ಅವರ ಹಣೆಯ ಬೆವರು ಒರೆಸಿದಳು. "ರೀ, ಆ ಫ್ಲಾಟಲ್ಲಿ ಕರೆಂಟು ಹೋದ್ರೆ ಯಾರು ಹಿಂಗೆ ಡ್ರಮ್ಮಲ್ಲಿ ನಿಲ್ತಾರೆ?"

"ಅಲ್ಲಿ ಡ್ರಮ್ಮೇ ಇಲ್ಲ."

"ಹಂಗಾದ್ರೆ ಬೇಡ ಬಿಡಿ. ಸಾಯಂಕಾಲ ಮಗಳಿಗೆ ಫೋನ್ ಮಾಡಿ ಹೇಳಿ." ಆಮೇಲೆ ನನ್ನ ಕಡೆ ಬಗ್ಗಿ, "ಏನೇ ನೋಡ್ತಾ ನಿಂತಿದೀಯಾ? ಬಿಡು, ಒಬ್ಬಟ್ಟು ಬೇಯಿಸ್ಬೇಕು" ಎಂದಳು.

ಬಿಟ್ಟೆ. ಮೇಲೆ ಹುಡುಗಿ ಕೊಂಡಿ ಹಾಕಿದಳು. ಕೆಳಗೆ ಭಾವ ರುಬ್ಬುಗುಂಡು ನನ್ನ ಕೈಗೆ ಕೊಟ್ಟು, ಡ್ರಮ್ಮಿನಿಂದ ಹೊರಬರಲಾಗದೆ ಒದ್ದಾಡಿದರು. ಅದಕ್ಕೊಂದು ಬಾಗಿಲು ಇಟ್ಟಿರಲಿಲ್ಲ. ಸ್ಟೂಲು ತಂದು, ತೋಳು ಹಿಡಿದು, ಹಾಸಿಗೆಯಿಂದ ಇಳಿಸುವ ಹಾಗೆ ಇಳಿಸಿದೆ. ಮಂಡಿ ತರಚಿತ್ತು. ಡೆಟಾಲ್ ಹಚ್ಚಿದಾಗ ಸಣ್ಣ ಮಗುವಿನ ಹಾಗೆ ಮುಖ ಮಾಡಿದರು.

ಊಟವಾಯಿತು. ಸಂಜೆ ಭಾವ ಮಗಳಿಗೆ ಫೋನು ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಪಂಪು ಹಾಕಿದೆವು. ಟ್ಯಾಂಕು ತುಂಬಿದ ಮೇಲೆ ಭಾವ ಟಾರ್ಚು ಹಿಡಿದು ತಾರಸಿಗೆ ಹೋಗಿ, ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ದಪ್ಪ ಅಕ್ಷರ ಬರೆದರು: ಒಡತಿಯ ಲಿಫ್ಟಿನ ನೀರು, ಎಂಜಿನಿಯರನ್ನು ಕೇಳದೆ ತೊಳೆಸಬಾರದು. ಅಕ್ಕ ಕೇಳಿ, "ಎಂಜಿನಿಯರು ಮನೇಲಿ ಇದ್ರೆ ತಾನೇ ಕೇಳೋದು" ಎಂದಳು.

ನಾನು ಕೊನೆಯ ಬಸ್ಸಿಗೆ ಮುಂಚೆ ಹೊರಡಬೇಕಿತ್ತು. ಒಬ್ಬಟ್ಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಬ್ರೇಕಿನ ಹಗ್ಗ ಸುತ್ತಿ ಮೊಳೆಗೆ ನೇತುಹಾಕಿದೆ. ಅಂಗಳದಲ್ಲಿ ಉಳಿದಿದ್ದ ರುಬ್ಬುಗುಂಡನ್ನು ತೊಳೆದು, ಮಹಡಿಗೆ ಹೊತ್ತುಕೊಂಡು ಹೋಗಿ, ಮಾರನೆಯ ದಿನದ ಗಣೇಶನ ಅಡಿಗೆಗೆ ಒರಳಿನಲ್ಲಿ ಕೂರಿಸಿದೆ.